ಹ್ಯಾಮಕ್ಕಿನಲ್ಲಿ ಬೆನ್ನಿಗೇಕೆ ಚಳಿ? ಮೇಲೂ ಕೆಳಗೂ ಒದಗುವ ಒಂದೇ ಕ್ವಿಲ್ಟ್

ಬಳ್ಳಾರಿ, ಕೊಪ್ಪಳ, ರಾಯಚೂರು ಎಂದರೆ ಬಿಸಿಲು ಅನ್ನುವುದು ಹಗಲಿನ ಮಾತು. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೆಳಗಿನ ಜಾವದ ಹೊತ್ತಿಗೆ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಆನೆಗೊಂದಿ ಕಡೆಯ ತೋಪುಗಳಲ್ಲಿ ಸಂಜೆ ಬಂಡೆಗಳು ಇನ್ನೂ ಬೆಚ್ಚಗಿರುವಾಗ ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ತೂಗುಬಿಡುವ ಬಟ್ಟೆಯ ಹಾಸಿಗೆ, ಕಟ್ಟಿದವರಿಗೆ ಇದು ಹೊಳೆಯುವುದೇ ಇಲ್ಲ. ಒಂದು ಚಾದರ ಸಾಕೆಂದು ಮಲಗುತ್ತಾರೆ. ನಾಲ್ಕು ಗಂಟೆಗೆ ಬೆನ್ನು, ಭುಜ, ಸೊಂಟ ಕೊರೆಯತೊಡಗುತ್ತವೆ. ಮೇಲೆ ಇನ್ನೊಂದು ಹೊದ್ದರೂ ಆ ಚಳಿ ಹೋಗುವುದಿಲ್ಲ.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ನಾರುಗಳ ನಡುವೆ ಸಿಕ್ಕಿ ಅಲುಗಾಡದೆ ನಿಂತ ಗಾಳಿ. ಆ ಗಾಳಿಯ ಪದರ ಎಷ್ಟು ದಪ್ಪವೋ ಅಷ್ಟು ಬೆಚ್ಚಗೆ. ಹ್ಯಾಮಕ್ಕಿನೊಳಗೆ ಹಾಸಿದ ರಜಾಯಿಯಾಗಲಿ ಸ್ಲೀಪಿಂಗ್ ಬ್ಯಾಗಾಗಲಿ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಉಳಿಯುವುದು ತೆಳ್ಳನೆಯ ನೈಲಾನ್ ಬಟ್ಟೆ, ಅದರ ಕೆಳಗೆ ಬೀಸುವ ಗಾಳಿ. ನೆಲದ ಮೇಲಾದರೆ ಮಣ್ಣು ಸ್ವಲ್ಪ ಹೊತ್ತಿಗೆ ಮೈಶಾಖದಿಂದ ಕಾಯುತ್ತದೆ. ಗಾಳಿ ಹಾಗೆ ಕಾಯುತ್ತ ನಿಲ್ಲುವುದಿಲ್ಲ. ಸುಮಾರು 33 ಡಿಗ್ರಿ ಇರುವ ಚರ್ಮದ ಶಾಖವನ್ನು ಹೊತ್ತುಕೊಂಡು ಮುಂದೆ ಹೋಗುತ್ತದೆ, ಹಿಂದೆಯೇ ತಣ್ಣನೆಯದು ಬರುತ್ತದೆ.

ಪರಿಹಾರ, ಕ್ವಿಲ್ಟನ್ನು (ಎರಡು ಬಟ್ಟೆಗಳ ನಡುವೆ ತುಂಬು ಇಟ್ಟು ಹೊಲಿದ ಹೊದಿಕೆ) ಹ್ಯಾಮಕ್ಕಿನ ಒಳಗೆ ಹಾಸದೆ ಹೊರಗೆ, ಕೆಳಭಾಗಕ್ಕೆ ತೂಗುಹಾಕುವುದು. ಮೈಭಾರವನ್ನು ಹ್ಯಾಮಕ್ ಬಟ್ಟೆ ಹೊರುತ್ತದೆ. ಕ್ವಿಲ್ಟಿನ ಮೇಲೆ ಭಾರವೇ ಬೀಳುವುದಿಲ್ಲ, ಹಾಗಾಗಿ ಅದು ಉಬ್ಬಿಕೊಂಡೇ ಇರುತ್ತದೆ. ಇದಕ್ಕೆಂದೇ ಬಾಗಿಸಿ ಕತ್ತರಿಸಿ ಹೊಲಿದ ಅಂಡರ್‌ಕ್ವಿಲ್ಟುಗಳು ಸಿಗುತ್ತವೆ. ನಮ್ಮ ಕಡೆಯ ಹವೆಗೆ ಮಾತ್ರ ನಾಲ್ಕು ಅಂಚಿಗೂ ಹಗ್ಗ ಪೋಣಿಸಬಹುದಾದ ಆಯತಾಕಾರದ ಒಂದು ಕ್ವಿಲ್ಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಿಂಗಳೆರಡು ತಿಂಗಳ ಚಳಿಗೆ ಬೇರೆ ಯಾವುದಕ್ಕೂ ಬಾರದ ವಸ್ತುವಿನ ಮೇಲೆ ದುಡ್ಡು ಹಾಕುವುದು ದಂಡ.

ಮನೆಯ ಕೌದಿಯನ್ನೇ ಕಟ್ಟಬಾರದೇಕೆ? ಕೌದಿಯಲ್ಲಿ ಹಳೆಯ ಸೀರೆ, ಧೋತರಗಳ ಪದರಗಳು ಒತ್ತೊತ್ತಾಗಿ ಹೊಲಿದುಕೊಂಡಿರುತ್ತವೆ. ಮೊದಲೇ ಬಿಗಿಯಾಗಿರುವುದರಿಂದ ಮೈಭಾರಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ನೆಲದ ಮೇಲೆ ಅದು ಚೆನ್ನಾಗಿ ನಡೆಯುವುದು ಅದಕ್ಕೇ. ತೂಗುಹಾಕಿದರೆ ಅದರ ತೂಕವೇ ಅದನ್ನು ಕೆಳಗೆ ಜಗ್ಗಿ ಬೆನ್ನಿಗೂ ಕೌದಿಗೂ ನಡುವೆ ಸಂದು ಬಿಡಿಸುತ್ತದೆ. ಇಬ್ಬನಿಗೆ ನೆಂದರಂತೂ ಮುಗಿಯಿತು: ನಿಂತ ಗಾಳಿಗಿಂತ ನೀರು ಸುಮಾರು 24 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ, ಹತ್ತಿ ಬೇಗ ಒಣಗುವುದೂ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳ ಪಕ್ಕ ಇಬ್ಬನಿ ಹೆಚ್ಚು. ಅಲ್ಲಿಗೆ ಕ್ವಿಲ್ಟಿನೊಳಗೆ ಪಾಲಿಯೆಸ್ಟರ್ ವ್ಯಾಡಿಂಗೇ (ಉಬ್ಬಿದ ನಾರಿನ ಹಾಸು) ಸರಿ. ಹಕ್ಕಿಯ ಪುಕ್ಕ ತುಂಬಿದ್ದು ನೆಂದರೆ ಮುದ್ದೆಗಟ್ಟುತ್ತದೆ.

ಹೊಲಿಸುವುದಾದರೆ ಅಳತೆ 2.1 ಮೀಟರ್ ಉದ್ದ, 1.4 ಮೀಟರ್ ಅಗಲ. ಪ್ರತಿ ಚದರ ಮೀಟರಿಗೆ 40 ಗ್ರಾಂ ತೂಗುವ, ಕೋಟಿಂಗ್ ಇಲ್ಲದ ರಿಪ್‌ಸ್ಟಾಪ್ (ಹರಿದದ್ದು ಮುಂದೆ ಹಬ್ಬದಂತೆ ಚೌಕಳಿಯಾಗಿ ನೆಯ್ದ) ನೈಲಾನ್ 1.5 ಮೀಟರ್ ಪನ್ನದ್ದು ನಾಲ್ಕೂವರೆ ಮೀಟರ್ ಬೇಕು. ನಡುವೆ ಚದರ ಮೀಟರಿಗೆ 100 ಗ್ರಾಂ (100 ಜಿಎಸ್ಎಂ) ತೂಗುವ ವ್ಯಾಡಿಂಗ್. ಹಗ್ಗವೂ ಸೇರಿ ಒಟ್ಟು ತೂಕ 600 ಗ್ರಾಂ ಸುಮಾರು. 15 ಡಿಗ್ರಿಯ ರಾತ್ರಿಗೆ ಇಷ್ಟು ದಪ್ಪ ಹೆಚ್ಚಿನವರಿಗೆ ಸಾಕು. ಕೋಟಿಂಗ್ ಇರುವ ಬಟ್ಟೆ ತೆಗೆದುಕೊಂಡರೆ ಬೆವರಿನ ಆವಿ ಹೊರಹೋಗದೆ ಒಳಗೇ ನೀರಾಗಿ ವ್ಯಾಡಿಂಗ್ ಒದ್ದೆಯಾಗುತ್ತದೆ.

ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ನುರಿತ ಕೈಗಳಿಗೆ ಕೊರತೆಯಿಲ್ಲ. ಆದರೆ ಜೀನ್ಸಿಗೆ ಹಾಕಿದ ದಪ್ಪ ಸೂಜಿಯಲ್ಲೇ ಇದನ್ನು ಹೊಲಿಯಬಾರದೆಂದು ಮೊದಲೇ ಹೇಳಬೇಕು. 16ನೇ ನಂಬರ್ ಸೂಜಿ ತೆಳು ನೈಲಾನಿನಲ್ಲಿ ದೊಡ್ಡ ತೂತು ಮಾಡುತ್ತದೆ, ಎಳೆದಾಗ ಅಲ್ಲಿಂದಲೇ ಹರಿಯುತ್ತದೆ. 11ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ ಇರಲಿ. ಎರಡು ಬಟ್ಟೆಗಳ ಒಳ್ಳೆಯ ಮಗ್ಗುಲನ್ನು ಎದುರುಬದುರು ಇಟ್ಟು, ಅವುಗಳ ಮೇಲೆ ವ್ಯಾಡಿಂಗ್ ಹಾಸಿ ಮೂರು ಬದಿ ಹೊಲಿದು, ದಿಂಬಿನ ಚೀಲದ ಹಾಗೆ ಮಗುಚಿ, ನಾಲ್ಕನೆಯದನ್ನು ಮುಚ್ಚಬೇಕು. ಆಮೇಲೆ ಅಂಚಿನ ಸುತ್ತ ಎರಡೂವರೆ ಸೆಂಟಿಮೀಟರ್ ಅಗಲದ, ಲಾಡಿ ಪೋಣಿಸುವ ಪಟ್ಟಿ. ಕೌದಿಯ ಹಾಗೆ ಮೈತುಂಬ ಗೆರೆ ಹೊಲಿಗೆ ಹಾಕಿದರೆ ಗೆರೆ ಬಿದ್ದಲ್ಲೆಲ್ಲ ದಪ್ಪ ಇಲ್ಲವಾಗಿ ಚಳಿ ನುಗ್ಗುತ್ತದೆ. ವ್ಯಾಡಿಂಗ್ ಜರುಗದಿರಲು 25-30 ಸೆಂಟಿಮೀಟರಿಗೊಂದು ಸಣ್ಣ ಟಾಕಿ ಸಾಕು.

ಕಟ್ಟುವಾಗಲೇ ಹೆಚ್ಚಿನವರು ಸೋಲುವುದು. ಮೊದಲು ಹ್ಯಾಮಕ್ ಸರಿಯಿರಬೇಕು: ಅದನ್ನು ಮರಕ್ಕೆ ಕಟ್ಟುವ ಪಟ್ಟಿ ಅಡ್ಡಗೆರೆಯಿಂದ 30 ಡಿಗ್ರಿ ಕೋನದಲ್ಲಿ ಇಳಿದಿರಲಿ. ಆಗ 70 ಕಿಲೋ ತೂಕದವರಿಗೆ ಪ್ರತಿ ಬದಿಯ ಪಟ್ಟಿಯ ಮೇಲೆ 70 ಕಿಲೋ ಎಳೆತವೇ ಬೀಳುತ್ತದೆ. ಬಿಗಿದು 10 ಡಿಗ್ರಿಗೆ ತಂದರೆ ಅದು 200 ಕಿಲೋ ದಾಟುತ್ತದೆ. ಕ್ವಿಲ್ಟಿನ ಎರಡು ಉದ್ದ ಅಂಚುಗಳಿಗೆ 3 ಮಿಲಿಮೀಟರಿನ ಎಲಾಸ್ಟಿಕ್ ಹಗ್ಗ ಪೋಣಿಸಿ, ಅದರ ತುದಿಗಳನ್ನು ಹ್ಯಾಮಕ್ಕಿನ ಎರಡೂ ಕೊನೆಗೆ ಕೊಕ್ಕೆಯಿಂದ ಸಿಕ್ಕಿಸಿ. ತಲೆ, ಕಾಲಿನ ಕಡೆಯ ಗಿಡ್ಡ ಅಂಚುಗಳ ಲಾಡಿಯನ್ನು ಹ್ಯಾಮಕ್ ಬಟ್ಟೆಗೆ ತಾಗುವಷ್ಟು ಮಾತ್ರ ಎಳೆಯಿರಿ. ಈಗ ಒಳಗೆ ಓರೆಯಾಗಿ ಮಲಗಿ, ಜೊತೆಗಿದ್ದವರಿಗೆ ಬೆನ್ನಿನ ಕೆಳಗೆ ಕೈ ಆಡಿಸಲು ಹೇಳಿ. ಕ್ವಿಲ್ಟ್ ಹ್ಯಾಮಕ್ಕಿಗೆ ಮೆತ್ತಗೆ ತಾಗಿರಬೇಕು. ಕೈ ಸಲೀಸಾಗಿ ನುಸುಳುವಷ್ಟು ಸಂದಿದ್ದರೆ ಅಲ್ಲಿ ಗಾಳಿ ಓಡಾಡುತ್ತದೆ, ದಪ್ಪ ಎಷ್ಟಿದ್ದರೂ ವ್ಯರ್ಥ. ತೀರ ಬಿಗಿಯಾದರೆ ವ್ಯಾಡಿಂಗ್ ಮತ್ತೆ ಅಪ್ಪಚ್ಚಿ. ನೇರ ಕತ್ತರಿಸಿದ ಕ್ವಿಲ್ಟ್ ಬಾಗಿದಾಗ ಹೊರಗಿನ ಬಟ್ಟೆ ಎಳೆದುಕೊಂಡು ತುಂಬನ್ನು ಒತ್ತುತ್ತದೆ, ಹಾಗಾಗಿ ಎಲಾಸ್ಟಿಕ್ ತುಸು ಸಡಿಲವೇ ಇರಲಿ. ಅರ್ಧ ಗಂಟೆಯಲ್ಲಿ ಭುಜಕ್ಕೆ ತಣ್ಣಗೆನಿಸಿದರೆ ಇಡೀ ಕ್ವಿಲ್ಟನ್ನು ನೀವು ಓರೆಯಾದ ದಿಕ್ಕಿಗೆ ಒಂದು ಗೇಣು ಸರಿಸಿ ನೋಡಿ.

ಮೇಲೆ ಹೊದೆಯುವುದಕ್ಕೆ ಒಂದು ತುದಿಯ ಲಾಡಿ ಬಿಗಿದು, ಪಾದದಿಂದ ಮೊಣಕಾಲಿನವರೆಗೆ ಅಂಚುಗಳನ್ನು ಟಿಚ್ ಬಟನ್ನಿನಿಂದ ಕೂಡಿಸಿದರೆ ಕಾಲು ತೂರಿಸುವ ಚೀಲವಾಗುತ್ತದೆ. ಬೆಳಿಗ್ಗೆ ಕೊರಳ ಬಳಿ ಎರಡು ಬಟನ್ ಹಾಕಿ, ಕುರಿಗಾಹಿಗಳ ಕಂಬಳಿಯಂತೆ ಹೆಗಲ ಮೇಲೆ ಹೊದ್ದು ಓಡಾಡಬಹುದು. ತಲೆ ತೂರಿಸಲೆಂದು ನಡುವೆ ಸೀಳುವವರಿದ್ದಾರೆ. ಬೇಡ, ಆ ಸೀಳು ರಾತ್ರಿ ಸರಿಯಾಗಿ ಬೆನ್ನಿನ ಕೆಳಗೇ ಬರುತ್ತದೆ. ನೆಲದ ಮೇಲೆ ಮಲಗುವುದಾದರೆ ಇದು ಹೊದಿಕೆ ಮಾತ್ರ, ಕೆಳಗೆ ಫೋಮ್ ಚಾಪೆ ಬೇಕೇ ಬೇಕು.

ಜಾಗದ ವಿಷಯ. ಹುಣಸೆ, ಬೇವು, ಮಾವಿನ ಬಲಿತ ಮರಗಳು ಒಳ್ಳೆಯವು. ಬಳ್ಳಾರಿ ಜಾಲಿಯ ಹತ್ತಿರ ಮಾತ್ರ ಬೇಡ, ನೆಲಕ್ಕೆ ಬಿದ್ದ ಮುಳ್ಳೂ ನೈಲಾನನ್ನು ಸಲೀಸಾಗಿ ತೂರುತ್ತದೆ. ಬೆಂಕಿಯ ಕಿಡಿ ಹಾರಿದರೆ ತೂತು ಖಚಿತ. ದರೋಜಿ, ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ತೋಟದವರ ಒಪ್ಪಿಗೆ ಪಡೆದು ಮನೆಯ ಹತ್ತಿರದ ತೋಪಿನಲ್ಲೇ ಕಟ್ಟಿ. ಊರಿಗೆ ಮರಳಿದ ಮೇಲೆ ಕ್ವಿಲ್ಟನ್ನು ಸಣ್ಣ ಚೀಲದಲ್ಲಿ ತುರುಕಿಡಬೇಡಿ. ತಿಂಗಳುಗಟ್ಟಲೆ ಒತ್ತಿಕೊಂಡಿದ್ದ ಪಾಲಿಯೆಸ್ಟರ್ ನಾರು ಮತ್ತೆ ಪೂರ್ತಿ ಉಬ್ಬುವುದಿಲ್ಲ. ನೆರಳಲ್ಲಿ ಒಣಗಿಸಿ, ಸಡಿಲವಾಗಿ ಮಡಚಿ, ಟ್ರಂಕಿನಲ್ಲಿ ಎಲ್ಲ ಬಟ್ಟೆಗಳ ಮೇಲಿಡಿ.