ರಾಕ್ ತಾರೆಯ ಸಿನಿಮಾದಲ್ಲಿ ಕಾಣದ ಮೂರು ದಿನ

ಅಮೆರಿಕದ ರಾಕ್ ತಂಡ ‘ದಿ ಡೋರ್ಸ್’ನ ಗಾಯಕ ಜಿಮ್ ಮಾರಿಸನ್ ಬದುಕಿನ ಮೇಲೆ ಆಲಿವರ್ ಸ್ಟೋನ್ 1991ರಲ್ಲಿ ಅದೇ ಹೆಸರಿನಲ್ಲಿ ತೆಗೆದ ಸಿನಿಮಾದಲ್ಲಿ ವ್ಯಾಲ್ ಕಿಲ್ಮರ್ ನಟನೆಗೆ ಎದುರಿಲ್ಲ. ಆದರೂ ರಾಯಚೂರಿನಲ್ಲಿ ಚಟ ಬಿಡಿಸುವ ಮನೋವೈದ್ಯನಾಗಿ ನನಗೆ ಅದರ ಮೇಲೆ ಸಿಟ್ಟಿದೆ. ಅಲ್ಲಿ ಬಾಟಲಿ ಖಾಲಿಯಾದಂತೆಲ್ಲ ಕವಿತೆ ಉಕ್ಕುತ್ತದೆ. ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರೇ ಮ್ಯಾಂಜರೆಕ್ ಕೂಡ ಗೆಳೆಯನನ್ನು ಬರೀ ಕುಡುಕನನ್ನಾಗಿ ಮಾಡಿದರೆಂದು ಬೇಸರಪಟ್ಟಿದ್ದರು. 1971ರ ಜುಲೈ 3ರಂದು ಪ್ಯಾರಿಸ್‌ನಲ್ಲಿ ಸತ್ತಾಗ ಮಾರಿಸನ್‌ಗೆ 27 ವರ್ಷ. ಮರಣೋತ್ತರ ಪರೀಕ್ಷೆಯೇ ಆಗಲಿಲ್ಲ. ದಂತಕಥೆ ಬೆಳೆಯಲು ಅಷ್ಟು ಸಾಕಾಯಿತು.

ಇಂಥ ಸಿನಿಮಾಗಳಲ್ಲಿ ಕುಡಿತಕ್ಕೂ ಸಾವಿಗೂ ಬೇಕಾದಷ್ಟು ಜಾಗ ಇರುತ್ತದೆ, ಕುಡಿತ ಬಿಡುವ ದಿನಗಳಿಗೆ ಇರುವುದಿಲ್ಲ. ಬ್ರಿಟಿಷ್ ಗಾಯಕ ಎಲ್ಟನ್ ಜಾನ್ ಕುರಿತ ‘ರಾಕೆಟ್‌ಮ್ಯಾನ್’ (2019) ಶುರುವಾಗುವುದೇ ಅವನು ಕೊಂಬಿನ ವೇಷದಲ್ಲಿ ಚಟಮುಕ್ತಿ ಕೇಂದ್ರದ ಗುಂಪಿನೊಳಗೆ ಬಂದು ಕೂರುವುದರಿಂದ. ಮೆಚ್ಚಿದೆ. ಆದರೆ ಕುಡಿತ ಬಿಟ್ಟ ಮೊದಲ ಮೂರು ದಿನ ಅಲ್ಲೂ ಇಲ್ಲ.

ದಿನವೂ ಕುಡಿಯುವವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕಿಗೆ ಲಗಾಮಿಲ್ಲ. ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತವೆ, ತಾನೆಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. “ಕೋಣ್ಯಾಗ ಹಾಕಿ ಕೀಲಿ ಹಾಕೀವ್ರಿ ಸರ್ರ, ತಾನ ಬಿಡ್ತಾನ” ಎನ್ನುವ ತಂದೆಯರನ್ನು ನಾನು ಗದರುವುದುಂಟು.

ನಮ್ಮ ಕಡೆ ಇನ್ನೊಂದು ತೊಡಕು. ಸೇಂದಿ ಎಂದು ಕದ್ದು ಮಾರುವುದರಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆತಿರುವುದು ಹೊಸತಲ್ಲ. ಅದು ಹಿಂದಿನ ಕಾಲದ ನಿದ್ದೆ ಔಷಧಿ. ರಾಕ್ ಸಂಗೀತಕ್ಕೆ ದಾರಿ ಮಾಡಿದವರಲ್ಲಿ ಒಬ್ಬನಾದ ಅಮೆರಿಕದ ಗಾಯಕ ಹ್ಯಾಂಕ್ ವಿಲಿಯಮ್ಸ್ ಮದ್ಯದ ಜೊತೆ ಇದನ್ನೇ ಸೇವಿಸುತ್ತಿದ್ದ. 1953ರ ಹೊಸವರ್ಷದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಹೆಣವಾಗಿ ಸಿಕ್ಕಿದ. ಆಗವನಿಗೆ 29. “ಬ್ರಾಂದಿ ಮುಟ್ಟಂಗಿಲ್ರಿ, ಬರೇ ಸೇಂದಿ” ಎನ್ನುವವರಿಗೂ ಅದು ನಿಂತ ಮೇಲೆ ಫಿಟ್ಸ್ ಬರುವುದು ಈ ಪುಡಿಯಿಂದ. ಹಾಗಾಗಿ ಏನು ಕುಡಿಯುತ್ತಿದ್ದರೆಂದು ವೈದ್ಯರಿಗೆ ಮುಚ್ಚಿಡಬೇಡಿ. ನಾವು ಪೊಲೀಸರಲ್ಲ.

ಬಿಟ್ಟ ಮೇಲೂ ಅಪಾಯವಿದೆ. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಕೆಲಕಾಲ ಬಿಟ್ಟು, ಮತ್ತೆ ಕುಡಿದು, 2011ರ ಜುಲೈನಲ್ಲಿ 27ರ ವಯಸ್ಸಿಗೇ ತೀರಿಕೊಂಡಳು. ರಕ್ತದಲ್ಲಿ 100 ಮಿ.ಲೀ.ಗೆ 416 ಮಿಲಿಗ್ರಾಂ ಮದ್ಯವಿತ್ತು; ನಮ್ಮಲ್ಲಿ ಗಾಡಿ ಓಡಿಸುವವರಿಗೆ ಮಿತಿ 30. ಬಿಟ್ಟ ದೇಹ ಹಳೆಯ ಅಳತೆಯನ್ನು ತಡೆದುಕೊಳ್ಳುವುದಿಲ್ಲ. ಡಿಸ್ಚಾರ್ಜ್ ದಿನ ಮನೆಯವರಿಗೆ ಹೇಳುವುದು ಇಷ್ಟೇ: ಮತ್ತೆ ಕುಡಿದು ಬಂದರೆ ಜಗಳ ನಾಳೆಗಿರಲಿ, ಅಂಗಾತ ಮಲಗಿಸಬೇಡಿ, ಮಗ್ಗುಲಾಗಿಸಿ, ಉಸಿರಾಟ ನೋಡುತ್ತಿರಿ. ಅಲುಗಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ.