ಇಲ್ಲದ ಊರಿಗೊಂದು ದಕ್ಕೆ

ತಂಗಿಯ ಮಗಳು ಶಿರಸಿಯಿಂದ ಒಂದು ಚಿತ್ರ ಕಳಿಸಿದ್ದಳು. ಅವಳೂ ಅವಳ ಗೆಳತಿಯರೂ ಸೇರಿ ಮೊಬೈಲ್ ಗೇಮ್ ಒಂದನ್ನು ಮಾಡುತ್ತಿದ್ದಾರೆ. ಅದರಲ್ಲಿ ಕಡಲ ತೀರದ ಒಂದು ಊರು ಬರುತ್ತದೆ. ಯಾವ ನಕಾಶೆಯಲ್ಲೂ ಇಲ್ಲದ ಊರು. ತೆಂಗಿನ ಸಾಲು, ಹೆಂಚಿನ ಮನೆಗಳು, ಉದ್ದದ ಮರಳ ದಂಡೆ. ದಂಡೆಯಿಂದ ನೇರ ಸಮುದ್ರಕ್ಕೆ ಚಾಚಿದ ಮರದ ದಕ್ಕೆ, ಅಂದರೆ ಬೋಟು ನಿಲ್ಲಿಸುವ ಕಟ್ಟೆ. ಅದರ ತುದಿಗೆ ಒಂದು ದೊಡ್ಡ ಬೋಟು. "ಮಾವ, ಎಂತಾದ್ರೂ ತಪ್ಪಿದ್ರೆ ಹೇಳು" ಅಂದಳು.

ನಾನು ಕಾರವಾರದಲ್ಲಿ ದಕ್ಕೆ, ತಡೆಗೋಡೆಗಳ ಕೆಲಸ ಮಾಡುವ ಎಂಜಿನಿಯರ್. ಚಿತ್ರ ತುಂಬಾ ಚೆನ್ನಾಗಿತ್ತು. ಆದರೆ ಆ ದಕ್ಕೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

"ಕೂಸೇ, ನಿನ್ನ ಊರಿಗೆ ಮಳೆಗಾಲದ ಅಲೆ ಯಾವ ಕಡೆಯಿಂದ ಬರ್ತದೆ?" ಅಂತ ಕೇಳಿದೆ. ಅವಳು ಅದನ್ನು ಯೋಚಿಸಿರಲಿಲ್ಲ. ದಕ್ಕೆಯ ಕೆಲಸ ಶುರುವಾಗುವುದೇ ಆ ಪ್ರಶ್ನೆಯಿಂದ. ನಮ್ಮ ಕರಾವಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಕಾರವಾರದ ಬಂದರು ಎಲ್ಲಿದೆ ನೋಡಿ. ಪೇಟೆಯ ಎದುರಿನ ಚೆಂದದ ಮರಳ ದಂಡೆಯಲ್ಲಿಲ್ಲ, ದಕ್ಷಿಣದ ತುದಿಗೆ ಬೈತಖೋಲದಲ್ಲಿದೆ. ಅಲ್ಲಿ ಸಮುದ್ರಕ್ಕೆ ಚಾಚಿರುವ ಗುಡ್ಡ ಅಲೆಯ ಹೊಡೆತವನ್ನು ತಾನು ತಿನ್ನುತ್ತದೆ. ಅದರ ಮರೆಯಲ್ಲಿ ಬಂದರು ವರ್ಷವಿಡೀ ನಡೆಯುತ್ತದೆ.

ಗುಡ್ಡ ಸಿಗದ ಕಡೆ ಹಿರಿಯರು ಹೊಳೆಯ ಒಳಗೆ ಹೋದರು. ತದಡಿಯ ದಕ್ಕೆ ಅಘನಾಶಿನಿಯ ಒಳಗಿದೆ, ಹೊನ್ನಾವರದ್ದು ಶರಾವತಿಯ ಒಳಗೆ. ಮಿರ್ಜಾನ್ ಇನ್ನೂ ಒಳಗೆ. ಘಟ್ಟದ ಕಾಳುಮೆಣಸು ಹಡಗು ಹತ್ತುತ್ತಿದ್ದ ಆ ಜಾಗದಲ್ಲಿ ನಿಂತರೆ ಸಮುದ್ರ ಕಾಣುವುದೇ ಇಲ್ಲ. ಇನ್ನು ಬಯಲು ದಂಡೆಯ ಊರುಗಳಲ್ಲಿ ದಕ್ಕೆಯೇ ಇರುತ್ತಿರಲಿಲ್ಲ. ರಾಂಪಣಿ ಅನ್ನುವ ದೊಡ್ಡ ಬಲೆಯವರು ಅದನ್ನು ದಂಡೆಗೇ ಎಳೆಯುತ್ತಾರೆ, ದೋಣಿಯನ್ನೂ ಮರಳ ಮೇಲೇ ಹತ್ತಿಸುತ್ತಾರೆ. ಅದೂ ಒಂದು ಪೂರ್ತಿ ವ್ಯವಸ್ಥೆ ಅಲ್ವಾ?

ಇನ್ನೊಂದು ಲೆಕ್ಕ ಆಳದ್ದು. ಮೀನುಗಾರಿಕೆಯ ಟ್ರಾಲ್ ಬೋಟು ನೀರಿನೊಳಗೆ ಒಂದೂವರೆ, ಎರಡು ಮೀಟರ್ ಕೂರುತ್ತದೆ. ಅಲೆಗೆ ಏಳುತ್ತಾ ಬೀಳುತ್ತಾ ಇರುವುದರಿಂದ ಇಳಿತದಲ್ಲೂ 3 ಮೀಟರ್ ನೀರಿದ್ದರೆ ಕ್ಷೇಮ. ದಂಡೆ 100 ಮೀಟರ್‌ಗೆ 1 ಮೀಟರ್ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಆಗ ದಕ್ಕೆ 300 ಮೀಟರ್ ಉದ್ದ ಬೇಕು. ಅವಳ ಚಿತ್ರದಲ್ಲಿ ಇದ್ದದ್ದು 20 ಮೀಟರ್. ಬೋಟು ಮರಳಲ್ಲಿ ಕೂತಿರುತ್ತದೆ.

"ಹಾಗಾದ್ರೆ ಕಲ್ಲು ತುಂಬಿ ಉದ್ದದ ಗೋಡೆ ಕಟ್ಟಿದ್ರೆ?" ಅಂದಳು. ಇದೇ ಪ್ರಶ್ನೆ ಎಷ್ಟೋ ಸಭೆಗಳಲ್ಲಿ ನನ್ನ ಕಿವಿಗೆ ಬಿದ್ದಿದೆ. ಮರಳು ನಡೆಯುತ್ತದೆ ಅನ್ನುವುದನ್ನು ಜನ ಸುಲಭಕ್ಕೆ ನಂಬುವುದಿಲ್ಲ. ಓರೆಯಾಗಿ ಬರುವ ಅಲೆ ಮರಳನ್ನು ದಂಡೆಯ ಉದ್ದಕ್ಕೂ ತಳ್ಳುತ್ತಾ ಹೋಗುತ್ತದೆ. ಅಡ್ಡಕ್ಕೆ ಗಟ್ಟಿ ಗೋಡೆ ಬಂದರೆ ಒಂದು ಬದಿಗೆ ಮರಳು ಗುಡ್ಡೆ ಬೀಳುತ್ತದೆ. ಇನ್ನೊಂದು ಬದಿಗೆ ಬರಬೇಕಾದ ಮರಳು ಬರುವುದಿಲ್ಲ, ಆದರೆ ಅಲ್ಲಿಂದ ಹೋಗುವುದು ನಿಲ್ಲುವುದಿಲ್ಲ. ಆ ಬದಿಯ ತೆಂಗಿನ ಮರಗಳು ಒಂದೊಂದಾಗಿ ಉರುಳುತ್ತವೆ. ಆ ಬದಿಯಲ್ಲಿ ಮನೆ ಇರುವವರ ಮುಖ ನೋಡುವುದು ನನಗೆ ಇವತ್ತಿಗೂ ಕಷ್ಟ. ಅದಕ್ಕೇ ಆದಷ್ಟೂ ಕಂಬದ ಮೇಲೆ ದಕ್ಕೆ ನಿಲ್ಲಿಸಿ ಅನ್ನುತ್ತೇನೆ. ನೀರೂ ಮರಳೂ ಅಡಿಯಲ್ಲಿ ಹಾದು ಹೋಗಲಿ.

ಕಂಬ ಯಾವುದರದ್ದು? ಮರ ಚೆಂದ, ಆದರೆ ಬೆಚ್ಚಗಿನ ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳ ಇದೆ. ಹುಳ ಅಂತಾರೆ, ನಿಜಕ್ಕೂ ಅದು ಚಿಪ್ಪಿನ ಜಾತಿಯ ಜೀವಿ. ಹೊರಗೆ ಸೂಜಿಯ ತೂತಿನಷ್ಟು ಗುರುತು, ಒಳಗೆ ಕಂಬವೆಲ್ಲ ಟೊಳ್ಳು. ನಮ್ಮ ಕಡೆ ದೋಣಿಗೆ ಗೇರೆಣ್ಣೆ ಬಳಿಯುವುದು ಇದೇ ಕಾರಣಕ್ಕೆ. ದೋಣಿಯನ್ನಾದರೆ ಮೇಲೆಳೆದು ಬಳಿಯಬಹುದು, ನೀರಲ್ಲಿ ನೆಟ್ಟ ಕಂಬವನ್ನು ಹಾಗೆ ಮಾಡಲಾಗುವುದಿಲ್ಲ.

ಕಾಂಕ್ರೀಟಿನದ್ದು ಬೇರೆ ಕಥೆ. ಸದಾ ಮುಳುಗಿರುವ ಭಾಗ ಚೆನ್ನಾಗಿಯೇ ಇರುತ್ತದೆ. ಹಾಳಾಗುವುದು ಒಮ್ಮೆ ಒದ್ದೆ, ಒಮ್ಮೆ ಒಣಗುವ ಭಾಗ. ಉಪ್ಪೂ ಗಾಳಿಯೂ ಎರಡೂ ಅಲ್ಲಿ ಸಿಗುತ್ತವೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಸೀಳುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ದಕ್ಕೆ ನೋಡಲು ಹೋಗಿದ್ದೆ. ಕಬ್ಬಿಣದ ಮೇಲೆ ಒಂದು ಇಂಚಿನಷ್ಟೂ ಕಾಂಕ್ರೀಟಿನ ಹೊದಿಕೆ ಬಿಟ್ಟಿರಲಿಲ್ಲ. ಸರಳು ಪಕ್ಕೆಲುಬಿನ ಹಾಗೆ ಹೊರಗೆ ಕಾಣುತ್ತಿತ್ತು. ಅದರ ಮೇಲೇ ಹೆಂಗಸರು ಬಂಗಡೆ ಬುಟ್ಟಿ ಹೊತ್ತು ನಡೆಯುತ್ತಿದ್ದರು. ಹೊದಿಕೆ ಎರಡು, ಮೂರು ಇಂಚು ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಆವತ್ತಿನಿಂದ.

ದಕ್ಕೆಯ ಎತ್ತರವನ್ನೂ ಅವಳು ಬದಲಿಸಬೇಕಾಯಿತು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಭರತಕ್ಕೂ ಇಳಿತಕ್ಕೂ ಹೆಚ್ಚು ಕಡಿಮೆ 2 ಮೀಟರ್ ವ್ಯತ್ಯಾಸ. ಅಷ್ಟಮಿಯ ಹತ್ತಿರ ತುಂಬಾ ಕಡಿಮೆ. ಸಮಯವೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ದಕ್ಕೆಯ ಬದಿಗೆ ಮೆಟ್ಟಿಲು ಬೇಕು. ಕೆಳಗಿನ ಮೆಟ್ಟಿಲುಗಳು ಪಾಚಿ ಹಿಡಿದು ಹಸಿರಾಗಿರಬೇಕು. ಬದಿಗೆ ಹಳೇ ಟೈರುಗಳನ್ನು ಮೇಲಿಂದ ಕೆಳಗಿನವರೆಗೆ ತೂಗಿಹಾಕಬೇಕು, ನೀರು ಎಲ್ಲಿದ್ದರೂ ಬೋಟು ಉಜ್ಜದ ಹಾಗೆ.

ಎರಡು ವಾರಕ್ಕೆ ಹೊಸ ಚಿತ್ರ ಬಂತು. ದಕ್ಕೆ ಹೊಳೆಯ ಒಳಗೆ ಹೋಗಿತ್ತು, ಬೋಟುಗಳೂ ಸಣ್ಣದಾಗಿದ್ದವು. "ರಾತ್ರಿ ಬೋಟು ಹೊಳೆಯೊಳಗೆ ಬರೋದು ಹೇಗೆ ಮಾವ?" ಅಂತ ಕೇಳಿದ್ದಳು. ತುಂಬಾ ಒಳ್ಳೆಯ ಪ್ರಶ್ನೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳ ದಿಬ್ಬ ಇರುತ್ತದೆ, ಆಳದ ದಾರಿ ಕಿರಿದು. ಅದಕ್ಕೆ ಎರಡು ದೀಪ ಬೇಕು. ಒಂದು ಮುಂದೆ, ತಗ್ಗಿಗೆ. ಇನ್ನೊಂದು ಹಿಂದೆ, ಎತ್ತರಕ್ಕೆ. ಎರಡೂ ಒಂದರ ಮೇಲೊಂದು ಕಂಡರೆ ಬೋಟು ಸರಿಯಾದ ದಾರಿಯಲ್ಲಿದೆ. ಮೇಲಿನದು ಎಡಕ್ಕೆ ಸರಿದು ಕಂಡರೆ ಬೋಟೂ ಎಡಕ್ಕೆ ಹೋಗಿದೆ ಅಂತ ಅರ್ಥ. ಮಳೆಗಾಲ ಮುಗಿಯುವಾಗ ದಿಬ್ಬ ಜಾಗ ಬದಲಿಸಿರುತ್ತದೆ. ಆಗ ಪಾತಿ ದೋಣಿಯಲ್ಲಿ ಕೂತು, ಉದ್ದದ ಗಳ ಇಳಿಸಿ ಆಳ ನೋಡುತ್ತಾ ದಾರಿ ಹುಡುಕಬೇಕು. ಆಮೇಲೆ ತಗ್ಗಿನ ದೀಪದ ಕಂಬ ಕಿತ್ತು ಹೊಸ ಜಾಗದಲ್ಲಿ ನೆಡಬೇಕು.