15 ವರ್ಷದ ಗಡಿ: ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳ ಹಳೆಯ ಜಗ್ಗಾಟ

ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್ (ಕೇಂದ್ರ ಕಾನೂನಿನಡಿ ನಡೆಯುವ, ಸದಸ್ಯರೇ ಮಾಲೀಕರಾದ ಸಾಲ ಸಂಸ್ಥೆ) ತನ್ನ ಸದಸ್ಯನಿಗೆ ಕೊಡುವ ಸಾಲ 15 ವರ್ಷದೊಳಗೆ ತೀರಬೇಕು. ಸ್ವಂತ ವಾಸದ ಮನೆಯ ಸಾಲದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಈ ಗಡಿಯನ್ನು ಸಡಿಲಿಸುವ ಮಸೂದೆಗಳು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಮತ್ತೆ ಮತ್ತೆ ಮಂಡನೆಯಾಗುತ್ತ ಬಂದಿವೆ.

ಕ್ರೆಡಿಟ್ ಯೂನಿಯನ್ ನಮ್ಮ ಪತ್ತಿನ ಸಹಕಾರ ಸಂಘದ ದಾಯಾದಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ ಇಂಥ ಸಂಘಗಳನ್ನು ಕಂಡದ್ದು 1907ರ ಭಾರತ ಪ್ರವಾಸದಲ್ಲಿ, ಬಂಗಾಳದಲ್ಲಿ. ಅಮೆರಿಕದಲ್ಲಿ ಕ್ರೆಡಿಟ್ ಯೂನಿಯನ್ ಚಳವಳಿಗೆ ಹಣ ಸುರಿದವರು ಅವರೇ. 1934ರಲ್ಲಿ ಫೆಡರಲ್ ಕಾನೂನು ಬಂದಾಗ ಸಾಲದ ಗರಿಷ್ಠ ಅವಧಿ ಕೇವಲ 2 ವರ್ಷ. ಆಸ್ಪತ್ರೆ ಖರ್ಚಿಗೋ ಪೀಠೋಪಕರಣಕ್ಕೋ ಪಡೆಯುವ ಕೈಸಾಲಕ್ಕೆ ಅಷ್ಟು ಸಾಕಿತ್ತು. ಮುಂದೆ ಹಂತಹಂತವಾಗಿ ಹಿಗ್ಗಿ, 1977ರಲ್ಲಿ 12 ವರ್ಷವಾಯಿತು. ವಾಸದ ಮನೆಗೆ 30 ವರ್ಷದ ಸಾಲ ಕೊಡುವ ಅಧಿಕಾರವೂ ಆಗಲೇ ಸಿಕ್ಕಿತು. 12 ಎಂಬುದು 15 ಆದದ್ದು 2006ರಲ್ಲಿ.

ಗೋಜಲು ಇರುವುದು 'ಸ್ವಂತ ವಾಸದ ಮನೆ' ಎಂಬ ಷರತ್ತಿನಲ್ಲಿ. ರಜೆ ಕಳೆಯಲೆಂದು ಇನ್ನೊಂದು ಊರಿನಲ್ಲಿ ಎರಡನೇ ಮನೆ ಕೊಳ್ಳುವವನಿಗೆ 15 ವರ್ಷದ ಗಡಿ ಅನ್ವಯಿಸುತ್ತದೆ. ಬಾಡಿಗೆಗೆ ಕೊಡಲು ಎರಡು ಕುಟುಂಬಗಳ ಮನೆ ಕೊಳ್ಳುವವನಿಗೂ ಅಷ್ಟೇ. ಅದೇ ಬೀದಿಯ ಬ್ಯಾಂಕು 30 ವರ್ಷಕ್ಕೆ ಕೊಡಬಲ್ಲದು. 2018ರಲ್ಲಿ ಕಾಂಗ್ರೆಸ್ ಇಂಥ ಬಾಡಿಗೆ ಮನೆಗಳ ಸಾಲವನ್ನು, ಯೂನಿಯನ್ ಕೊಡಬಹುದಾದ ವ್ಯಾಪಾರ ಸಾಲದ ಒಟ್ಟು ಮೊತ್ತದ ಮಿತಿಯಿಂದ ಹೊರಗಿಟ್ಟಿತು. ಅವಧಿಯ ಗಡಿಯನ್ನು ಮಾತ್ರ ಮುಟ್ಟಲಿಲ್ಲ. ಒಂದೇ ಸಾಲಕ್ಕೆ ಒಂದು ಬಾಗಿಲು ತೆರೆದು ಇನ್ನೊಂದಕ್ಕೆ ಬೀಗ ಹಾಕಿದ್ದರ ತರ್ಕ ನನಗಂತೂ ಹೊಳೆದಿಲ್ಲ.

2019ರಲ್ಲಿ ರಿಪಬ್ಲಿಕನ್ ಲೀ ಝೆಲ್ಡಿನ್ ಮತ್ತು ಡೆಮಾಕ್ರಟ್ ವಿಸೆಂಟೆ ಗೊನ್ಸಾಲೆಸ್ ಜೊತೆಯಾಗಿ ತಂದ ಮಸೂದೆ, ಅವಧಿ ನಿಗದಿಪಡಿಸುವ ಅಧಿಕಾರವನ್ನೇ ಕ್ರೆಡಿಟ್ ಯೂನಿಯನ್‌ಗಳ ನಿಯಂತ್ರಣ ಮಂಡಳಿಗೆ ಬಿಡಬೇಕೆಂದಿತು. ಬಳಿಕ ಬಂದ ಮಸೂದೆಗಳು ಸ್ವರ ತಗ್ಗಿಸಿ 20 ವರ್ಷ ಕೇಳಿದವು. ಬ್ಯಾಂಕುಗಳ ಆಕ್ಷೇಪ ಹಳೆಯದು: ಕ್ರೆಡಿಟ್ ಯೂನಿಯನ್‌ಗಳಿಗೆ 1937ರಿಂದ ಆದಾಯ ತೆರಿಗೆಯ ವಿನಾಯಿತಿ ಇದೆ, ತೆರಿಗೆ ಕಟ್ಟದವರಿಗೆ ತೆರಿಗೆ ಕಟ್ಟುವವರ ವ್ಯಾಪಾರವೂ ಬೇಕೇ? ಪ್ರಶ್ನೆ ಅನ್ಯಾಯದ್ದಲ್ಲ, ಆದರೆ ಅದು ತೆರಿಗೆಯ ಪ್ರಶ್ನೆ. ಸಾಲಗಾರನ ಕಂತಿಗೂ ಅದಕ್ಕೂ ನಂಟು ಕಡಿಮೆ.

ಕಂತಿನ ಲೆಕ್ಕ ನೋಡಿ. ಶೇ 8ರ ಬಡ್ಡಿಗೆ 1 ಲಕ್ಷ ಡಾಲರ್ ಪಡೆದರೆ 15 ವರ್ಷಕ್ಕೆ ತಿಂಗಳ ಕಂತು ಸುಮಾರು 956 ಡಾಲರ್, 20 ವರ್ಷಕ್ಕೆ 836. ಕೈಗೆ 120 ಡಾಲರ್ ಉಳಿಯುತ್ತದೆ. ಒಟ್ಟು ಬಡ್ಡಿಯಲ್ಲಿ ಸುಮಾರು 28,700 ಡಾಲರ್ ಹೆಚ್ಚು ಹೋಗುತ್ತದೆ. ಮಸೂದೆಯ ಪರವಾದ ಭಾಷಣಗಳಲ್ಲಿ ಮೊದಲ ಅಂಕಿಗೆ ಸಿಗುವ ಜಾಗ ಎರಡನೆಯದಕ್ಕೆ ಸಿಗುವುದಿಲ್ಲ. ಸದಸ್ಯರೇ ಮಾಲೀಕರಾದ ಸಂಸ್ಥೆ ಅವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಬಹುದು. ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.

ಕಾಂಗ್ರೆಸ್‌ನ ಎರಡು ವರ್ಷದ ಅವಧಿ ಮುಗಿದಾಗ ಅಂಗೀಕಾರವಾಗದ ಮಸೂದೆ ತಾನಾಗಿಯೇ ಬಿದ್ದುಹೋಗುತ್ತದೆ. ಹೊಸ ಕಾಂಗ್ರೆಸ್‌ನಲ್ಲಿ ಹೊಸ ಸಂಖ್ಯೆ ಹೊತ್ತು ಮತ್ತೆ ಸಮಿತಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು.